ಹೇಂಟೆ ಕೂಗಿದರೆ ಮನೆಗೆ ಕೇಡೇ?

ಪತ್ರ: ಮೂರು ವರ್ಷ ಮೊಟ್ಟೆ ಇಟ್ಟ ನಮ್ಮ ನಾಟಿ ಹೇಂಟೆ ಈಗ ಮೊಟ್ಟೆ ನಿಲ್ಲಿಸಿ, ಬೆಳಗಾದರೆ ಹುಂಜದ ಹಾಗೆ ಕೂಗುತ್ತಿದೆ. ಅಪಶಕುನ, ಕೊಯ್ದುಬಿಡು ಅಂತಾರೆ ಅತ್ತೆ. ಏನು ಮಾಡಲಿ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ: ಅತ್ತೆಯವರ ಮಾತಲ್ಲೂ ಒಂದು ಲೆಕ್ಕ ಇದೆ ತಾಯಿ. ಮೊಟ್ಟೆ ಇಡದ ಕೋಳಿಗೆ ನುಚ್ಚು ಹಾಕೋದು ದಂಡ. ಅಷ್ಟು ಒಪ್ಪಿದೆ. ಶಕುನದ ಮಾತು ಮಾತ್ರ ಬೇಡ.

ನಮ್ಮಜ್ಜಿ ಕೋಳಿ ಹಸನು ಮಾಡುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮೊಟ್ಟೆಯ ಗೊಂಚಲು ಎಡಗಡೆ ಮಾತ್ರ. ಬಲಗಡೆ ಖಾಲಿ. 'ಯಾಕಜ್ಜಿ?' ಅಂದರೆ, 'ದೇವರು ಹಂಗೇ ಇಟ್ಟಿದಾನೆ, ಒಲೆ ಊದು' ಅನ್ನುತ್ತಿದ್ದಳು. ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಓದುವಾಗ.

ಕಾವಿಗಿಟ್ಟ ಮೊಟ್ಟೆಯೊಳಗಿನ ಮರಿಗೆ ಮೊದಲು ಎರಡೂ ಕಡೆ ಒಂದೊಂದು ಮೊಳಕೆ ಇರುತ್ತದೆ, ಮುಂದೆ ಅಂಡಾಶಯವೋ ವೃಷಣವೋ ಆಗುವಂಥದ್ದು. 21 ದಿನದ ಕಾವಿನಲ್ಲಿ ಸುಮಾರು 6ನೇ ದಿನಕ್ಕೆ ಹೆಣ್ಣುಮರಿಯಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ತಯಾರಾಗಲು ಶುರು. ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಎಡಮೊಳಕೆಯ ಹೊರಪದರದಲ್ಲಿದೆ, ಬಲದ ಹೊರಪದರದಲ್ಲಿ ಇಲ್ಲ. ಜಾತ್ರೆಯ ಡೋಲು ಎರಡೂ ಮನೆ ಮುಂದೆ ಬಡಿದರೂ ಬಾಗಿಲು ತೆಗೆದದ್ದು ಒಂದೇ ಮನೆ! ಎಡದ್ದು ಅಂಡಾಶಯವಾಯಿತು, ಬಲದ್ದು ಮುರುಟಿಕೊಂಡು ಕೂತಿತು. ಗಂಡುಭ್ರೂಣಕ್ಕೆ ಈಸ್ಟ್ರೋಜನ್ ಕೊಟ್ಟರೂ ಅಂಡಾಶಯದ ಕಡೆ ವಾಲುವುದು ಎಡದ್ದೇ. ತಿರುಗಿಸಿಯೂ ನೋಡಿದ್ದಾರೆ. ಮೊಟ್ಟೆಯಲ್ಲೇ ಔಷಧಿ ಕೊಟ್ಟು ಈಸ್ಟ್ರೋಜನ್ ತಡೆದಾಗ ಹೆಣ್ಣುಮರಿಗಳಲ್ಲಿ ವೃಷಣ ಬೆಳೆದ ಸಂಗತಿ 1992ರಲ್ಲಿ ಪ್ರಕಟವಾಯಿತು.

ನಿಮ್ಮ ಹೇಂಟೆಯ ಎಡ ಅಂಡಾಶಯ ಗಡ್ಡೆಯಿಂದಲೋ ಸೋಂಕಿನಿಂದಲೋ ಕೆಟ್ಟಿರಬೇಕು. ಆಗ ಮುರುಟಿ ಕೂತ ಬಲದ್ದು ಎದ್ದು, ವೃಷಣದ ಹಾಗೆ ಬೆಳೆದು ಗಂಡು ಹಾರ್ಮೋನು ಬಿಡುವುದುಂಟು. ಆ ಕೂಗು ಅದರದ್ದು. ಮುಂದಿನ ಸಲ ಗರಿ ಉದುರಿದರೆ ಹುಂಜದ ಪುಕ್ಕವೇ ಬಂದೀತು, ನೋಡ್ತಾ ಇರಿ.

1474ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಲ್ಲಿ, ಮೊಟ್ಟೆ ಇಟ್ಟಿತು ಅಂತ ಒಂದು ಹುಂಜವನ್ನು ವಿಚಾರಣೆ ನಡೆಸಿ ಸುಟ್ಟರು. ನಗಬೇಡಿ. ನಮಗೆ ಬರುವ ಪತ್ರಗಳಲ್ಲಿ ವಾರಭವಿಷ್ಯದ ಪುಟ ಹೆಚ್ಚಿಸಿ ಅನ್ನುವವೇ ಜಾಸ್ತಿ. ಮೊನ್ನೆ ಜೀವಶಾಸ್ತ್ರ ಓದುವ ನೆಂಟರ ಹುಡುಗನನ್ನು ಕೇಳಿದೆ, ಕೋಳಿಗೆ ಅಂಡಾಶಯ ಎಷ್ಟು? 'ಎರಡು, ಗೈಡಲ್ಲಿದೆ' ಅಂದ. ಪಾಪ, ಅವನು ಕಂಡ ಕೋಳಿ ಅಂಗಡಿಯವನು ತುಂಡು ಮಾಡಿ ಚೀಲಕ್ಕೆ ಹಾಕಿದ್ದು. ಮಲೆನಾಡಲ್ಲಿ ಹುಟ್ಟಿಯೂ!

ನೀವು ಕೊಯ್ಯದೆ ಪತ್ರ ಬರೆದಿರಿ, ಅದು ದೊಡ್ಡದು. ಹೇಂಟೆ ಸತ್ತರೆ ಸುಮ್ನೆ ಹೂಳಬೇಡಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ದು ಎಡ ಬಲ ಎರಡೂ ತೋರಿಸಿ ಅಂತ ಕೇಳಿ. ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ.