ಅಟ್ಟ ಹತ್ತಿದ ಕುಂಬಾರ ಎಲ್ಲಿ ಹೋದ?

ನಮಸ್ಕಾರ.

ನೀವು ಕಳಿಸಿದ ಮಕ್ಕಳ ಪುಸ್ತಕದ ಹಸ್ತಪ್ರತಿ ‘ಹಣೆಬರಹ’ವನ್ನು ಎರಡು ಸಲ ಓದಿದೆ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಕಥೆ, 24 ಪುಟ, ಜೊತೆಗೆ ನಿಮ್ಮ ತಂಗಿ ಬರೆದ ಚಿತ್ರಗಳು. ಈಗಿರುವ ಹಾಗೆ ಇದನ್ನು ಪುಸ್ತಕ ಮಾಡಲು ಆಗುವುದಿಲ್ಲ. ಕಥೆ ಮಾತ್ರ ಒಳ್ಳೆಯದನ್ನೇ ಹಿಡಿದಿದ್ದೀರಿ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ತಕರಾರು. ಹಣೆಬರಹ ಅಂದರೆ ಬ್ರಹ್ಮ ಬರೆದು ಕಳಿಸಿದ್ದು. ನಮ್ಮನ್ನು ಯಾರೂ ಕೇಳಿರುವುದಿಲ್ಲ. ಯೊರುಬಾ ಭಾಷೆಯ ‘ಒರಿ’ ಬೇರೆ. ಅದಕ್ಕೆ ತಲೆ ಅಂತಲೂ ಅರ್ಥ, ಅದೃಷ್ಟ ಅಂತಲೂ ಅರ್ಥ. ಭೂಮಿಗೆ ಬರುವ ಮುಂಚೆ ಅಜಾಲಾ ಎಂಬ ಕುಂಬಾರನ ಮನೆಗೆ ಹೋಗಿ, ಅವನು ಮಾಡಿಟ್ಟ ಮಣ್ಣಿನ ತಲೆಗಳಲ್ಲಿ ಒಂದನ್ನು ನಾವೇ ಆರಿಸಿಕೊಳ್ಳಬೇಕು. ಕೆಲವು ಚೆನ್ನಾಗಿ ಬೆಂದಿವೆ, ಕೆಲವು ಹಸಿ. ನೋಡಿದರೆ ಗೊತ್ತಾಗಲ್ಲ. ಹೀಗಿರುವಾಗ ‘ಬರೆದದ್ದು ತಪ್ಪದು’ ಅಂತ ಕೊನೆಯ ಪುಟದಲ್ಲಿ ಒಬ್ಬ ಅಜ್ಜನ ಬಾಯಲ್ಲಿ ಹೇಳಿಸಿದ್ದೀರಿ. ಆ ಅಜ್ಜ ಎಲ್ಲಿಂದ ಬಂದ? ಸುಮ್ನೆ ಮನೆಗೆ ಕಳಿಸಿಬಿಡಿ.

ಅಜಾಲಾ ಸಾಲಗಾರ ಎಂಬ ಮಾತು ಮಕ್ಕಳಿಗೆ ಬೇಡ ಅಂತ ಬಿಟ್ಟಿದ್ದೀರಂತೆ. ಅಯ್ಯೋ, ಅದನ್ನೇ ಬಿಟ್ಟರೆ ಹೇಗೆ? ಲೋಕದ ಜನಕ್ಕೆಲ್ಲ ತಲೆ ಮಾಡಿಕೊಡುವವನು ಸಾಲ ಕೊಟ್ಟವನಿಗೆ ಹೆದರಿ ಅಟ್ಟದಲ್ಲಿ ಅಡಗಿ ಕೂತಿದ್ದಾನೆ! ಏಳು ವರ್ಷದ ಮಗು ಆ ಪುಟ ಬಿಟ್ಟು ಏಳುವುದಿಲ್ಲ. ತಲೆ ಆರಿಸಲು ಹೊರಟ ಮೂವರು ಗೆಳೆಯರಲ್ಲಿ ಮೊದಲು ಬಂದ ಇಬ್ಬರು ತಪ್ಪು ತಲೆ ಎತ್ತಿಕೊಂಡು ಹೋಗುವುದೂ ಕುಂಬಾರ ಸಿಗಲಿಲ್ಲ ಅಂತಲೇ. ಮೂರನೆಯವನು, ಅಫುವಾಪೆ, ಅಜಾಲಾನ ಸಾಲ ಕವಡೆ ಎಣಿಸಿ ತೀರಿಸುತ್ತಾನೆ. ಆಗ ಅಜಾಲಾ ಕೆಳಗಿಳಿದು, ಕಬ್ಬಿಣದ ಸರಳಿನಿಂದ ಹೊಡೆದು ನೋಡಿ, ಒಡೆಯದ ತಲೆಯನ್ನು ಆರಿಸಿ ಕೊಡುತ್ತಾನೆ. ಸಂತೆಯಲ್ಲಿ ಮಡಕೆಯನ್ನು ಬೆರಳಲ್ಲಿ ತಟ್ಟಿ ನೋಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಉಪ್ಪಿನ ಕಥೆಯೂ ಅಷ್ಟೇ. ನಿಮ್ಮಲ್ಲಿ ಅದು ಒಂದೇ ಸಾಲು: ‘ದಾರಿಯಲ್ಲಿ ಒಬ್ಬ ಮುದುಕನಿಗೆ ಸಹಾಯ ಮಾಡಿದನು.’ ಯೊರುಬಾ ಕಥೆಯಲ್ಲಿ ಬಾಗಿಲು ಕಾಯುವವನು ಕುದಿಯುವ ಸಾರಿಗೆ ಬೂದಿ ಹಾಕುತ್ತಿರುತ್ತಾನೆ. ಉಪ್ಪು ಅಂದರೇನು ಅಂತ ಅವನಿಗೆ ಗೊತ್ತೇ ಇಲ್ಲ. ಅಪ್ಪನ ಮನೆಯಿಂದ ಉಪ್ಪು ಹೊತ್ತು ತಂದ ಅಫುವಾಪೆ ಸ್ವಲ್ಪ ಹಾಕಿ ಕೊಡುತ್ತಾನೆ. ಸಾರು ರುಚಿ ನೋಡಿದವನ ಮುಖ ಹೇಗಾಗಿರಬೇಕು! ಅದನ್ನು ಬರೆಯಿರಿ. ‘ಸಹಾಯ’ ಎಂಬ ಪದವೇ ಬೇಡ.

ಚಿತ್ರಗಳ ವಿಷಯ. ತಂಗಿಯ ಕೈ ಚೆನ್ನಾಗಿದೆ, ಆದರೆ ಜಿರಾಫೆ, ಒಣ ಬಯಲು, ಹುಲ್ಲಿನ ಗುಡಿಸಲು ಜಾಸ್ತಿ ಆಯ್ತು. ಯೊರುಬಾ ನಾಡು ನೈಜೀರಿಯಾದ ನೈಋತ್ಯ ಭಾಗ ಮತ್ತು ಪಕ್ಕದ ಬೆನಿನ್. ಕಾಡು, ತಾಳೆಮರ, ಹಳೆಯ ದೊಡ್ಡ ಪಟ್ಟಣಗಳು, ನೀಲಿ ಬಣ್ಣ ಕಟ್ಟಿದ ಅದಿರೆ ಬಟ್ಟೆ. 1938ರಲ್ಲಿ ಯೊರುಬಾ ಜನರ ಹಳೆಯ ಪಟ್ಟಣ ಇಫೆಯಲ್ಲಿ ಮನೆಗೆ ಪಾಯ ತೋಡುವಾಗ ಸಿಕ್ಕ ಲೋಹದ ತಲೆಗಳ ಫೋಟೊ ಒಮ್ಮೆ ನೋಡಲು ಹೇಳಿ. ಅಲ್ಲಿನ ಮರದ ಗೊಂಬೆಗಳಲ್ಲಿ ತಲೆಯನ್ನು ಬೇಕೆಂದೇ ದೊಡ್ಡದು ಮಾಡುತ್ತಾರೆ, ಒಟ್ಟು ಎತ್ತರದ ಕಾಲು ಭಾಗದಷ್ಟು. ತಲೆಗೆ ಅಷ್ಟು ಬೆಲೆ ಅಂತ. ಈ ಕಥೆಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುತ್ತಾ? ಮುಖಪುಟದ ‘ಆಫ್ರಿಕಾದ ಕಥೆ’ಯನ್ನೂ ತೆಗೆದು ‘ಯೊರುಬಾ ಕಥೆ’ ಅಂತ ಹಾಕಿ. ನಮ್ಮ ಪುಣ್ಯಕೋಟಿಯನ್ನು ಯಾರಾದರೂ ‘ಏಷ್ಯಾದ ಕಥೆ’ ಅಂದರೆ ನಗು ಬರುತ್ತೆ, ಅಲ್ವಾ?

19ನೇ ಪುಟದ ಮಳೆಯ ಚಿತ್ರವನ್ನು ಮಾತ್ರ ಮುಟ್ಟಬೇಡಿ. ಹಸಿ ಮಣ್ಣಿನ ತಲೆ ಕರಗಿ ಹೆಗಲ ಮೇಲೆ ಇಳಿಯುತ್ತಿದೆ, ಹುಡುಗ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದಾನೆ. ಅದರ ಕೆಳಗೆ ನೀವು ಬರೆದ ಆರು ಸಾಲು ತೆಗೆದು ಮತ್ತೆ ಕಳಿಸಿ.