ಯಾವ ಚಹಾ ಎನ್ನುವುದಕ್ಕಿಂತ ಯಾವಾಗಿನ ಚಹಾ

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ದಿನಕ್ಕೆ ನಾಲ್ಕೈದು ಸಲ ಚಹಾ ಕುಡಿಯುತ್ತೀರಿ, ಆದರೆ ಲೋಟ ಕೆಳಗಿಟ್ಟ ಮೇಲೆ ಅದರ ರುಚಿ ನೆನಪಿನಲ್ಲಿ ಉಳಿಯುವುದಿಲ್ಲ. ಉಳಿಯುವಂಥ ಚಹಾ ಎಲ್ಲಿ ಸಿಗುತ್ತದೆ, ಯಾವ ಪುಡಿ ಕೊಳ್ಳಬೇಕು ಎಂದು ಕೇಳಿದ್ದೀರಿ.

ಜಿಟಿಜಿಟಿ ಮಳೆ, ಹಳೆಯ ಗೆಳೆಯ, ಅಜ್ಜಿಯ ಕೈಗುಣ ಎಂದು ಉತ್ತರ ಬರೆಯುವುದು ಸುಲಭ. ಅದು ಸುಳ್ಳೂ ಅಲ್ಲ. ಆದರೆ ಮಳೆಯನ್ನು ಬೇಕೆಂದಾಗ ಬರಿಸಲಾಗುವುದಿಲ್ಲ, ಅಜ್ಜಿಯನ್ನಂತೂ ಇಲ್ಲವೇ ಇಲ್ಲ. ನಮ್ಮ ಕೈಯಲ್ಲಿರುವುದನ್ನಷ್ಟೇ ಹೇಳುತ್ತೇನೆ. ಅದರಲ್ಲಿ ಮುಖ್ಯವಾದದ್ದು ಒಂದೇ: ಯಾವ ಚಹಾ ಎಂದು ಕೇಳುವುದನ್ನು ಬಿಟ್ಟು, ಯಾವಾಗಿನದು ಎಂದು ಕೇಳಲು ಶುರು ಮಾಡಿ. ಎಲೆ ಯಾವಾಗ ಕಿತ್ತದ್ದು, ಪಾತ್ರೆ ಯಾವಾಗ ಒಲೆಗೆ ಏರಿದ್ದು. ಹೆಸರು, ಬೆಲೆ, ಡಬ್ಬಿಯ ಮೇಲಿನ ಆನೆ ಕುದುರೆಗಳ ಚಿತ್ರ ಎಲ್ಲ ಆಮೇಲೆ.

ನಾನು ಧಾರವಾಡದ ಕಡೆಯವನು. ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು ನೀರು, ಹಿಂದೆಯೇ ಚಹಾ. ಕಾಫಿ ಎಂಬುದು ಮೈಸೂರು ಕಡೆಯ ಬೀಗರು ಬಂದಾಗ ಮಾತ್ರ ನೆನಪಾಗುವ ವಸ್ತು. ಬ್ಯಾಂಕಿನ ಕೆಲಸದಲ್ಲಿ ಕಲಬುರಗಿ, ಮಂಗಳೂರು, ಆಮೇಲೆ ನೀಲಗಿರಿಯ ಕೂನೂರು ಎಂದು ವರ್ಗಾವಣೆಯಾಗುತ್ತ ಹೋದೆ. ಹಾಗಾಗಿ ಹಾಲು ಹಾಕಿ ಕುದಿಸಿದ ಚಹಾ ಮತ್ತು ಬಿಸಿನೀರಿನಲ್ಲಿ ಎಲೆ ನೆನೆಸಿದ ಚಹಾ ಎರಡರ ಜೊತೆಗೂ ಬದುಕಿದ್ದೇನೆ. ಎರಡೂ ಬೇರೆ ಬೇರೆ ಪಾನೀಯಗಳು. ಒಂದನ್ನು ಕುಡಿಯುತ್ತ ಇನ್ನೊಂದನ್ನು ಹೀಗಳೆಯುವವರ ಮಾತು ಕೇಳಬೇಡಿ. ಅಂಥವರು ಎರಡೂ ಪಂಗಡದಲ್ಲಿದ್ದಾರೆ, ಹಾಲಿಲ್ಲದ ಚಹಾದವರಲ್ಲಿ ತುಸು ಹೆಚ್ಚು.

ಮೊದಲು ಹಾಲಿನ ಚಹಾ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಕಡೆ ಬೆಳಗಿನ ಜಾವ ಲಾರಿಗಳಿಂದ ಮಾಲು ಇಳಿಯುವ ಹೊತ್ತಿಗೆ ಹೋಗಿ. ಹಮಾಲರು ಗುಂಪುಗೂಡಿ ನಿಂತ ಗಾಡಿಯಲ್ಲಿ ಆಗಷ್ಟೇ ಕಾದ ಎಮ್ಮೆ ಹಾಲು, ಆಗಷ್ಟೇ ಬಿದ್ದ ಪುಡಿ. ಅದೇ ಗಾಡಿಯಲ್ಲಿ, ಅದೇ ಮನುಷ್ಯ, ಅದೇ ಪುಡಿಯಿಂದ ಮಾಡಿದ ಚಹಾವನ್ನು ಹನ್ನೊಂದು ಗಂಟೆಗೆ ಕುಡಿದು ನೋಡಿ. ಬೇರೆ ಊರಿಗೆ ಬಂದಂತಿರುತ್ತದೆ. ನಮ್ಮ ಕಡೆ ಹೆಚ್ಚಾಗಿ ಬಳಸುವುದು ಡಸ್ಟ್, ಅಂದರೆ ಕಾರ್ಖಾನೆಯ ಜರಡಿಯಲ್ಲಿ ಕೊನೆಗೆ ಇಳಿಯುವ ನುಣ್ಣನೆಯ ಪುಡಿ. ಅದು ಎರಡು ಮೂರು ನಿಮಿಷದಲ್ಲಿ ತನ್ನ ಬಣ್ಣ, ಕಂಪು ಎಲ್ಲವನ್ನೂ ಬಿಟ್ಟುಕೊಡುತ್ತದೆ. ಆಮೇಲೂ ಕುದಿಸುತ್ತಲೇ ಇದ್ದರೆ ಬರುವುದು ಒಗರು ಮತ್ತು ಕಹಿ. ಹಾಲಿನ ಪ್ರೋಟೀನು ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ ನಿಜ. ಎಮ್ಮೆ ಹಾಲಿನ ಚಹಾ ನಾಲಗೆಗೆ ಮೆತ್ತಗೆ ಹತ್ತುವುದಕ್ಕೆ ಅದೂ ಒಂದು ಕಾರಣ. ಆದರೆ ಅದಕ್ಕೂ ಒಂದು ಮಿತಿಯಿದೆ. ಮಿತಿ ಮೀರಿದ ಮೇಲೆ ಅಂಗಡಿಯವನು ಸಕ್ಕರೆ ಏರಿಸುತ್ತಾನೆ, ಶುಂಠಿ ಜಜ್ಜಿ ಹಾಕುತ್ತಾನೆ, ಮಸಾಲೆ ಚಹಾ ಎಂದು ಐದು ರೂಪಾಯಿ ಹೆಚ್ಚು ಕೇಳುತ್ತಾನೆ.

ಹಾಗಾದರೆ ಒಳ್ಳೆಯ ಅಂಗಡಿಯನ್ನು ಗುರುತಿಸುವುದು ಹೇಗೆ? ಪಾತ್ರೆ ನೋಡಿ. ಗಿರಾಕಿಗಳು ಹೆಚ್ಚಿದ್ದು ಪಾತ್ರೆ ಚಿಕ್ಕದಿದ್ದರೆ ನಿಲ್ಲಿ. ಅಲ್ಲಿ ಚಹಾ ಹಳತಾಗಲು ಸಮಯವೇ ಸಿಗುವುದಿಲ್ಲ. ಚರಟವನ್ನು ಸೋಸಿ ಬುಟ್ಟಿಗೆ ಎಸೆಯುತ್ತಾನೋ ಅಥವಾ ಅದರ ಮೇಲೆಯೇ ಹೊಸ ನೀರು ಸುರಿಯುತ್ತಾನೋ ನೋಡಿ. ಎರಡನೆಯದಾದರೆ ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಡಿ. ಬೋರ್ಡು, ಹಿತ್ತಾಳೆಯ ದೊಡ್ಡ ಬಾಯ್ಲರು, ಮಣ್ಣಿನ ಕುಡಿಕೆ ಇವಾವುವೂ ಗುರುತಲ್ಲ. ಪಕ್ಕದಲ್ಲಿ ಗಿರ್ಮಿಟ್ ಮತ್ತು ಮಿರ್ಚಿ ಬಿಸಿಯಾಗಿ ಸಿಗುವಂತಿದ್ದರೆ ಅಂಗಡಿಗೆ ಇನ್ನೊಂದು ಅಂಕ ಕೊಡಬಹುದು. ಖಾರ ಹತ್ತಿದ ಬಾಯಿಗೆ ಚಹಾದ ಸಿಹಿ ಬೇರೆಯೇ ರೀತಿ ತಾಕುತ್ತದೆ.

ಮನೆಯಲ್ಲಿ ಶುಂಠಿ ಚಹಾ ಮಾಡುವವರಿಗೆ ಒಂದು ಮಾತು. ಶುಂಠಿಯನ್ನು ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿ, ಹಾಲು ಆಮೇಲೆ ಹಾಕಿ. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವವಿದೆ. ನೇರವಾಗಿ ಹಾಲಿಗೆ ಬಿದ್ದರೆ ಹಾಲು ಒಡೆಯುವುದುಂಟು. ಆಗ ಹಾಲಿನವನನ್ನು ಬೈಯುವುದು ಅನ್ಯಾಯ. ಮಜ್ಜಿಗೆ ಹುಲ್ಲು ಹಾಕುವವರಿಗೆ ಈ ತೊಂದರೆಯಿಲ್ಲ.

ಆಗಷ್ಟೇ ಮಾಡಿದ ಚಹಾವೇ ಚಹಾ ಎಂಬ ನನ್ನ ನಿಯಮವನ್ನು ಕಲಬುರಗಿ ತಲೆಕೆಳಗು ಮಾಡಿತು. ಹೈದರಾಬಾದಿನ ಇರಾನಿ ಹೋಟೆಲುಗಳ ಪದ್ಧತಿ ಅಲ್ಲಿಗೂ ಬಂದಿದೆ. ಚಹಾದ ಡಿಕಾಕ್ಷನ್ನನ್ನು ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಡುತ್ತಾರೆ. ಇನ್ನೊಂದು ಪಾತ್ರೆಯಲ್ಲಿ ಹಾಲು ಗಟ್ಟಿಯಾಗುತ್ತಿರುತ್ತದೆ. ಎರಡೂ ಸೇರುವುದು ನಿಮ್ಮ ಕಪ್ಪಿನಲ್ಲಿ. ಇಲ್ಲಿ ಹಳತಾಗುವುದೇ ಗುಣ. ಡಿಕಾಕ್ಷನ್ ಚೆನ್ನಾಗಿ ಕಡುವಾಗದೆ ಆ ಗಟ್ಟಿ ಹಾಲಿನ ಎದುರು ನಿಲ್ಲಲಾರದು. ಅಂದರೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ ಕುಡಿದರೆ ಸಪ್ಪೆ; ಸಂಜೆ ಹೋಗಬೇಕು. ಪ್ರಶ್ನೆ ಅದೇ, ಯಾವಾಗ ಎಂಬುದು. ಉತ್ತರ ಮಾತ್ರ ಬೇರೆ.

ಇನ್ನು ಹಾಲಿಲ್ಲದ ಚಹಾ. ಇಲ್ಲಿ ಯಾವಾಗ ಎಂದರೆ ಗಂಟೆ ಅಲ್ಲ, ತಿಂಗಳು. ನೀಲಗಿರಿಗೆ ಎರಡೂ ಮಳೆಗಾಲಗಳು ಸಿಗುತ್ತವೆ, ಹಾಗಾಗಿ ಅಲ್ಲಿ ವರ್ಷವಿಡೀ ಎಲೆ ಕೀಳುತ್ತಾರೆ. ಮಳೆಗಾಲದಲ್ಲಿ ಕುಡಿ ಸರಸರನೆ ಚಿಗುರುತ್ತದೆ, ಎಲೆ ರಾಶಿರಾಶಿ ಬರುತ್ತದೆ, ಕಂಪು ಕಡಿಮೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಒಣ ಹವೆ, ರಾತ್ರಿ ಕೊರೆಯುವ ಚಳಿ. ಗಿಡ ನಿಧಾನಕ್ಕೆ, ಜಿಪುಣತನದಿಂದ ಚಿಗುರುತ್ತದೆ. ಕಂಪೆಲ್ಲ ಆ ಸ್ವಲ್ಪ ಎಲೆಯಲ್ಲೇ ಕೂಡಿಕೊಳ್ಳುತ್ತದೆ. ಈ ಕಾಲದ ಎಲೆಯಿಂದ ಮಾಡಿದ್ದನ್ನು ಫ್ರಾಸ್ಟ್ ಟೀ ಎಂದು ಮಾರುತ್ತಾರೆ. ಹೆಸರು ಕೇಳಿ ಹಿಮದಲ್ಲಿ ಅದ್ದಿದ ಎಲೆ ಎಂದುಕೊಳ್ಳಬೇಡಿ. ನಿಜವಾಗಿ ಗಟ್ಟಿ ಹಿಮ ಬಿದ್ದ ಎಲೆ ಸುಟ್ಟಂತೆ ಕರಕಲಾಗುತ್ತದೆ, ತೋಟದವರು ತಲೆ ಮೇಲೆ ಕೈಹೊತ್ತು ಕೂರುತ್ತಾರೆ. ಬೇಕಿರುವುದು ಹಿಮ ಬೀಳುವುದಕ್ಕೆ ಸ್ವಲ್ಪವೇ ಮೊದಲು ನಿಂತ ಚಳಿ.

ನಾನು ಕುಡಿದವುಗಳಲ್ಲಿ ಇಂದಿಗೂ ನಾಲಗೆಯ ಮೇಲಿರುವುದು ಅಂಥದೊಂದು ಜನವರಿಯ ಚಹಾ. ಕೂನೂರಿನಲ್ಲಿ ಬ್ಯಾಂಕಿನ ಗ್ರಾಹಕರಾಗಿದ್ದ ಚಹಾ ವ್ಯಾಪಾರಿಯೊಬ್ಬರು ತಮ್ಮ ರುಚಿ ನೋಡುವ ಕೋಣೆಗೆ ಕರೆದೊಯ್ದಿದ್ದರು. ಕೂನೂರಿನಲ್ಲಿ ವಾರ ವಾರ ಚಹಾದ ಹರಾಜು ನಡೆಯುತ್ತದೆ. ಅದಕ್ಕೂ ಮೊದಲು ಮಾದರಿಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು ರುಚಿ ನೋಡುತ್ತಾರೆ. ಪ್ರತಿ ಬಟ್ಟಲಿಗೂ ಒಂದೇ ತೂಕದ ಎಲೆ, ಒಂದೇ ಅಳತೆಯ ನೀರು, ಒಂದೇ ಹೊತ್ತು. ಇದಕ್ಕೆ ಐಎಸ್‌ಒ 3103 ಎಂಬ ಅಂತಾರಾಷ್ಟ್ರೀಯ ಮಾನಕವೇ ಇದೆ: 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಕುಡಿಯುವುದಕ್ಕೆ ಅದು ತೀರ ಕಡು. ಎಲೆಯ ದೋಷಗಳೆಲ್ಲ ಹೊರಗೆ ಬೀಳಲಿ ಎಂದೇ ಹಾಗೆ ಮಾಡುವುದು. ರುಚಿ ನೋಡುವವರು ಚಮಚದಿಂದ ಸೊರ್ರೆಂದು ಜೋರಾಗಿ ಎಳೆದುಕೊಳ್ಳುತ್ತಾರೆ, ಕಂಪು ಮೂಗಿನ ಹಿಂಬಾಗಿಲಿನಿಂದ ಏರಬೇಕಲ್ಲ. ನಮ್ಮೂರಿನ ಹಿರಿಯರು ಬಸಿಗೆ ಸುರಿದುಕೊಂಡು ಸದ್ದು ಮಾಡುತ್ತ ಕುಡಿದರೆ ಓದಿದ ಮಕ್ಕಳು ನಾಚಿಕೊಳ್ಳುತ್ತಿದ್ದರು. ಕೂನೂರಿನಲ್ಲಿ ಅದಕ್ಕೇ ಸಂಬಳ ಕೊಡುತ್ತಾರೆ. ಆ ಸಾಲಿನಲ್ಲಿ ಒಂದು ಬಟ್ಟಲು ತಿಳಿಯಾದ ಕಿತ್ತಳೆ ಬಣ್ಣದ್ದು. ಬಾಯಿಗಿಟ್ಟರೆ ಮೊದಲು ಒಂದು ಹೂವಿನ ಕಂಪು, ಹಿಂದೆ ಹಣ್ಣಿನ ಸಿಹಿ, ಕೊನೆಗೆ ನಾಲಗೆಯ ಅಂಚಿನಲ್ಲಿ ಚುರುಕಾದ ಒಂದಿಷ್ಟೇ ಒಗರು. ಸಕ್ಕರೆ ಕೇಳುವ ನೆನಪೇ ಆಗಲಿಲ್ಲ.

ಅದು ಆರ್ಥೊಡಾಕ್ಸ್ ವಿಧಾನದ್ದು: ಎರಡೆಲೆ ಒಂದು ಕುಡಿಯನ್ನು ಕಿತ್ತು, ರಾತ್ರಿಯಿಡೀ ಬಾಡಿಸಿ, ಹೊಸೆದು, ಗಾಳಿಗೆ ಕಂದು ಬಣ್ಣ ಬರಲು ಬಿಟ್ಟು, ಒಣಗಿಸಿದ್ದು. ಒಂದು ಕಿಲೋ ಚಹಾಕ್ಕೆ ನಾಲ್ಕೂವರೆ ಕಿಲೋದಷ್ಟು ಹಸಿ ಎಲೆ ಬೇಕು. ನಾವು ನಿತ್ಯ ಬಳಸುವ ಸಣ್ಣ ಕಾಳಿನಂಥ ಚಹಾ ಸಿಟಿಸಿ. ಹಲ್ಲಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಉಂಡೆ ಮಾಡುವ ಈ ಯಂತ್ರ ಹುಟ್ಟಿದ್ದು 1930ರ ದಶಕದಲ್ಲಿ ಅಸ್ಸಾಮಿನಲ್ಲಿ. ಬೇಗ ಬಣ್ಣ ಬಿಡುತ್ತದೆ, ಹಾಲಿಗೆ ಜಗ್ಗುವುದಿಲ್ಲ, ಅದೇ ತೂಕಕ್ಕೆ ಹೆಚ್ಚು ಲೋಟ. ಬೀದಿಬೀದಿಯ ಚಹಾ ಅದರ ಕೃಪೆ. ಹೂವಿನ ಕಂಪನ್ನು ಮಾತ್ರ ಅದರಿಂದ ನಿರೀಕ್ಷಿಸಬೇಡಿ.

ಕೋತಗಿರಿಯ ಹತ್ತಿರದ ಬಡಗರ ಹಟ್ಟಿಗಳಿಗೆ ಸಾಲದ ಕೆಲಸಕ್ಕೆ ಹೋಗುತ್ತಿದ್ದೆ. ಬಡಗರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ನಾನು ಕನ್ನಡದಲ್ಲಿ ಕೇಳಿದರೆ ಅವರು ತಮ್ಮ ಮಾತಿನಲ್ಲಿ ಉತ್ತರಿಸುವುದು, ವ್ಯವಹಾರ ಸಾಗುವುದು. ಹಿಂದಿನವರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರೆಂದು ಅವರೇ ಹೇಳುತ್ತಾರೆ. ಒಂದು ಎಕರೆ, ಎರಡು ಎಕರೆಯ ಬೆಳೆಗಾರರು. ಎಲೆಯೆಲ್ಲ ಹಸಿಯಾಗಿಯೇ ಕಾರ್ಖಾನೆಗೆ ಹೋಗುತ್ತದೆ. ಮನೆಗೆ ಬಂದವನಿಗೆ ಅವರು ಕೊಡುವುದು ಅಂಗಡಿಯಿಂದ ತಂದ ಡಸ್ಟಿನ ಚಹಾ. ತೋಟದ ನಡುವೆ ಕುಳಿತು ಪೊಟ್ಟಣದ ಚಹಾ ಕುಡಿಯುವುದು ವಿಚಿತ್ರವೆನಿಸಿದರೂ ಹಾಲು ಮನೆಯದೇ, ಚಹಾ ಚೆನ್ನಾಗಿಯೇ ಇರುತ್ತಿತ್ತು.

ಊಟಿಯಿಂದ ತಂದ ಚಹಾ ಮನೆಯಲ್ಲಿ ರುಚಿಸುವುದಿಲ್ಲ, ಅಂಗಡಿಯವನು ಮೋಸ ಮಾಡಿದ ಎಂಬ ದೂರು ಬಹಳ ಕೇಳಿದ್ದೇನೆ. ಮೋಸವೂ ಇರಬಹುದು, ಪ್ರವಾಸಿಗರ ಅಂಗಡಿಗಳ ಪರವಾಗಿ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಎತ್ತರವನ್ನೂ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೂನೂರು ಸುಮಾರು 1,850 ಮೀಟರ್ ಎತ್ತರದಲ್ಲಿದೆ; ಅಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ನಮ್ಮಲ್ಲಿ 98ರ ಹತ್ತಿರ. ಅಲ್ಲಿ ನಾಲ್ಕು ನಿಮಿಷ ನೆನೆಸಿದ ಎಲೆಯನ್ನು ಇಲ್ಲಿಯೂ ಅಷ್ಟೇ ಹೊತ್ತು ಬಿಟ್ಟರೆ ಒಗರು ಜಾಸ್ತಿ. ಮೂರು ನಿಮಿಷ ಸಾಕು. ಅದಕ್ಕಿಂತ ದೊಡ್ಡ ಸಮಸ್ಯೆ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿರುವ ಸುಣ್ಣದಂಶ ಚಹಾದ ಅಂಶಗಳ ಜೊತೆ ಸೇರಿ ಮೇಲೆ ಎಣ್ಣೆಯಂಥ ತೆಳು ಪದರ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ, ಕಂಪು ಸತ್ತೇ ಹೋಗುತ್ತದೆ. ನಿಮ್ಮ ಚಹಾಗಳೆಲ್ಲ ಒಂದೇ ಥರ ಅನಿಸುವುದಕ್ಕೆ ಇದೇ ಕಾರಣವಿರಬಹುದು ಎಂದು ನನಗೆ ಬಲವಾದ ಗುಮಾನಿ. ಒಮ್ಮೆ ಶುದ್ಧೀಕರಿಸಿದ ನೀರಿನಲ್ಲಿ ಮಾಡಿ, ಎರಡು ಲೋಟ ಪಕ್ಕಪಕ್ಕದಲ್ಲಿಟ್ಟು ನೋಡಿ. ನಾಲ್ಕು ಹನಿ ನಿಂಬೆರಸವೂ ಆ ಪದರವನ್ನು ಕಟ್ಟಗೊಡುವುದಿಲ್ಲ. ಮಂಗಳೂರಿನಲ್ಲಿ ಬಿರಿಯಾನಿಯ ನಂತರ ಕೊಡುವ ಏಲಕ್ಕಿ, ನಿಂಬೆಯ ಸುಲೈಮಾನಿ ಎಂಬ ಹಾಲಿಲ್ಲದ ಚಹಾ ಎಂಥ ನೀರಿನಲ್ಲೂ ಕಳೆಗುಂದದಿರುವುದಕ್ಕೆ ನಿಂಬೆಯೇ ಕಾರಣವೆಂದು ನನ್ನ ನಂಬಿಕೆ.

ದಾರ್ಜಿಲಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹೊಗಳುವವರಿಗೆ ಕೊರತೆಯಿಲ್ಲ. ಮಾರ್ಚ್-ಏಪ್ರಿಲ್‌ನ ಮೊದಲ ಚಿಗುರು ಹಗುರ, ಹಸಿರು ಛಾಯೆಯದು. ಮೇ-ಜೂನ್‌ನ ಎರಡನೆಯ ಚಿಗುರಿನಲ್ಲಿ ದ್ರಾಕ್ಷಿಯ ಕಂಪು. ಆ ಕಂಪಿಗೆ ಎಲೆಯ ರಸ ಹೀರುವ ಹಸಿರು ಜಿಗಿಹುಳುವಿನ ಪಾಲೂ ಇದೆ. ಹುಳು ಕಡಿದಾಗ ಗಿಡ ತನ್ನ ರಕ್ಷಣೆಗೆ ಹೊರಡಿಸುವ ಅಂಶಗಳೇ ಬಟ್ಟಲಿನಲ್ಲಿ ಪರಿಮಳವಾಗುತ್ತವೆ. ಎರಡನೆಯದು ನನಗೆ ಇಷ್ಟ, ಮೊದಲನೆಯದರ ದರ ಕೇಳಿದರೆ ಬಾಯಿ ಒಣಗುತ್ತದೆ. ನಮ್ಮ ರಾಜ್ಯದಲ್ಲೂ ಚಿಕ್ಕಮಗಳೂರಿನ ಕೆಳಗೂರಿನಲ್ಲಿ, ಕೊಡಗಿನಲ್ಲಿ ಚಹಾ ಬೆಳೆಯುತ್ತಾರೆ. ಸುತ್ತಲೂ ಕಾಫಿಯವರೇ ಇರುವುದರಿಂದ ಪಾಪ, ಯಾರೂ ಮಾತಾಡಿಸುವುದಿಲ್ಲ. ಆ ಕಡೆ ಹೋದಾಗ ಒಂದು ಪೊಟ್ಟಣ ತನ್ನಿ.

ಕೊಳ್ಳುವಾಗ ನೂರು ಗ್ರಾಂ ಮಾತ್ರ ಕೊಳ್ಳಿ, ಪೊಟ್ಟಣದ ಮೇಲೆ ಎಲೆ ಕಿತ್ತ ತಿಂಗಳು ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಉತ್ತರ ಹೇಳಲು ತಡವರಿಸುವ ಅಂಗಡಿಯಲ್ಲಿ ಕೊಳ್ಳಬೇಡಿ. ತಂದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ, ಇಂಗು ಮತ್ತು ಮಸಾಲೆ ಪುಡಿಗಳಿಂದ ದೂರವಿಡಿ. ಚಹಾ ಪಕ್ಕದವರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ನೀವು ಯಾವ ಊರಿನವರು, ಮನೆಗೆ ಬರುವುದು ನಲ್ಲಿಯ ನೀರೋ ಬೋರ್‌ವೆಲ್ ನೀರೋ ಎಂದು ತಿಳಿಸಿ. ಯಾವ ಎಲೆಯಿಂದ ಶುರು ಮಾಡಬಹುದು ಎಂದು ಆಮೇಲೆ ಹೇಳುತ್ತೇನೆ.