ನ್ಯಾಯಕ್ಕೂ ಚೌಕಾಸಿಯೇ?

ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಶಿರಸಿಯ ನಿವೃತ್ತ ಅಧ್ಯಾಪಕರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಕರಿಯರಿಗೆ ಹೋಟೆಲಿನಲ್ಲಿ ಊಟ, ಕಾರ್ಖಾನೆಯಲ್ಲಿ ಕೆಲಸ ದೊರಕಿಸುವಂಥ ನೇರವಾದ ನ್ಯಾಯಕ್ಕೂ ಸದಸ್ಯರೊಡನೆ ಚೌಕಾಸಿ ಮಾಡಬೇಕಾಗಿ ಬಂದಿದ್ದರೆ ಅದು ಶಾಸನಸಭೆಯಲ್ಲ, ಸಂತೆ ಎಂಬುದು ಅವರ ಆಕ್ಷೇಪ. ತಮ್ಮದೇ ಪಕ್ಷದ ಅಧ್ಯಕ್ಷರ ಮಸೂದೆಯನ್ನು ವಿರೋಧಿಸಿದ ಸದಸ್ಯರ ಸ್ಥಾನ ಹೇಗೆ ಉಳಿಯಿತು ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ತಮ್ಮ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಮ್ಮಲ್ಲಿ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯಂಥ ಪಕ್ಷಾಂತರ ನಿಷೇಧ ಅಲ್ಲಿಲ್ಲ. ವಿಪ್ ಉಲ್ಲಂಘಿಸಿದವರ ಸದಸ್ಯತ್ವ ಹೋಗುವುದಿಲ್ಲ. ಪಕ್ಷದ ಅಭ್ಯರ್ಥಿಯನ್ನು ಆ ರಾಜ್ಯದ ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ಆರಿಸುವುದರಿಂದ ಟಿಕೆಟ್ ತಪ್ಪಿಸುವ ಬೆದರಿಕೆಗೂ ಹೆಚ್ಚಿನ ಬಲವಿಲ್ಲ. ಆದ್ದರಿಂದ ನಾಯಕರಾದವರು ಆಜ್ಞೆ ಮಾಡಲಾರರು, ಒಬ್ಬೊಬ್ಬರನ್ನೂ ಒಪ್ಪಿಸಬೇಕು. ತಾವು ಸಂತೆ ಎಂದು ಕರೆದದ್ದರ ಮೂಲ ಇಲ್ಲಿದೆ.

ಈಗ 1964ರ ಲೆಕ್ಕವನ್ನು ನೋಡೋಣ. ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಮಸೂದೆಯನ್ನು ಫೆಬ್ರುವರಿ 10ರಂದು 290–130 ಮತಗಳಿಂದ ಅಂಗೀಕರಿಸಿತ್ತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಅಧ್ಯಕ್ಷ ಜಾನ್ಸನ್ ಅವರ ಡೆಮಾಕ್ರಟಿಕ್ ಪಕ್ಷಕ್ಕೆ 100ರಲ್ಲಿ 67 ಸ್ಥಾನಗಳಿದ್ದವು. ಆದರೆ ಜಾರ್ಜಿಯಾದ ರಿಚರ್ಡ್ ರಸೆಲ್ ಅವರ ಹಿಂದೆ ನಿಂತಿದ್ದ ದಕ್ಷಿಣದ ಸದಸ್ಯರು ಅದೇ ಪಕ್ಷದವರು. ಮಾತು ನಿಲ್ಲಿಸದೆ ಮಸೂದೆಯನ್ನು ಮತಕ್ಕೆ ಬಾರದಂತೆ ತಡೆಯುವುದು, ಅಂದರೆ ಫಿಲಿಬಸ್ಟರ್, ಅವರ ಅಸ್ತ್ರ. ಚರ್ಚೆಯನ್ನು ಮುಗಿಸಲು ಆಗ ಮೂರನೇ ಎರಡು ಭಾಗದಷ್ಟು, ಅಂದರೆ 67 ಮತಗಳು ಬೇಕಿದ್ದವು. ಡೆಮಾಕ್ರಟರಿಂದ ಕೊನೆಗೆ ದೊರೆತದ್ದು 44. ಉಳಿದ 23 ಮತಗಳು ವಿರೋಧ ಪಕ್ಷವಾದ ರಿಪಬ್ಲಿಕನ್ನರಿಂದಲೇ ಬರಬೇಕಿತ್ತು, ಅವರ ನಾಯಕ ಇಲಿನಾಯ್‌ನ ಎವೆರೆಟ್ ಡರ್ಕ್ಸನ್ ಮನಸ್ಸು ಮಾಡದೆ ಅವು ಬರುವಂತಿರಲಿಲ್ಲ.

ಸೆನೆಟ್‌ನಲ್ಲಿ ಮಸೂದೆಯ ಹೊಣೆ ಹೊತ್ತಿದ್ದ ಡೆಮಾಕ್ರಟ್ ಹ್ಯೂಬರ್ಟ್ ಹಂಫ್ರಿ ಅವರ ತಾಳ್ಮೆ ಲೇಖನದಲ್ಲಿ ಬರಬೇಕಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಕೋರಂಗೆ, ಅಂದರೆ ಸಭೆ ನಡೆಯಲು ಇರಬೇಕಾದ ಕನಿಷ್ಠ ಹಾಜರಿಗೆ, 51 ಸದಸ್ಯರು ಬೇಕು. ವಿರೋಧಿಗಳಲ್ಲಿ ಇಬ್ಬರು ಮೂವರಿದ್ದರೆ ಮಾತು ಸಾಗುತ್ತಿತ್ತು, ಕೋರಂ ತುಂಬಿಸುವ ಕಷ್ಟ ಮಸೂದೆ ಬೇಕೆನ್ನುವವರದಾಗಿತ್ತು. ಹಂಫ್ರಿ ತಮ್ಮವರಿಗೆ ಸರದಿ ಹಾಕಿ ವಾರಗಟ್ಟಲೆ ಸಭೆಯನ್ನು ಕಾಯ್ದರು. ಡರ್ಕ್ಸನ್ ಅವರನ್ನು ಎಂದೂ ಹಳಿಯಲಿಲ್ಲ, ಕೀರ್ತಿಯಲ್ಲಿ ದೊಡ್ಡ ಪಾಲು ಅವರಿಗೇ ಸಲ್ಲಲಿ ಎಂದು ಬಿಟ್ಟುಕೊಟ್ಟರು. ಸಭೆಯ ಹೊರಗೆ ಚರ್ಚುಗಳು ಮಧ್ಯಪಶ್ಚಿಮ ರಾಜ್ಯಗಳ ಸೆನೆಟರುಗಳ ಮೇಲೆ ಒತ್ತಡ ತರುತ್ತಿದ್ದವು; ಕರಿಯ ಮತದಾರರು ಬಹಳ ಕಡಿಮೆಯಿದ್ದ ಅಲ್ಲಿನ ಹಲವು ರಾಜ್ಯಗಳಲ್ಲಿ ಬೇರೆ ಯಾರ ಮಾತಿಗೂ ಅಷ್ಟು ತೂಕವಿರಲಿಲ್ಲ.

ಮಾತುಕತೆ ನಡೆದದ್ದು ಡರ್ಕ್ಸನ್ ಅವರ ಕಚೇರಿಯಲ್ಲಿ, ನ್ಯಾಯಾಂಗ ಇಲಾಖೆಯವರ ಸಮ್ಮುಖದಲ್ಲಿ. ಉದ್ಯೋಗದ ತಾರತಮ್ಯದ ದೂರುಗಳನ್ನು ವಿಚಾರಿಸಲು ಮಸೂದೆಯಲ್ಲಿ ಹೊಸದೊಂದು ಆಯೋಗವಿತ್ತು. ಸ್ವಂತ ಕಾನೂನಿರುವ ರಾಜ್ಯಗಳಿಗೆ ದೂರು ಇತ್ಯರ್ಥಪಡಿಸುವ ಮೊದಲ ಅವಕಾಶ ಸಿಗಬೇಕು, ಆಯೋಗ ತಾನಾಗಿ ನ್ಯಾಯಾಲಯಕ್ಕೆ ಹೋಗಕೂಡದು, ತಾರತಮ್ಯವೇ ಪರಿಪಾಠವಾಗಿರುವ ಕಡೆ ಮಾತ್ರ ಅಟಾರ್ನಿ ಜನರಲ್ ದಾವೆ ಹೂಡಬೇಕು ಎಂಬಂಥ ಬದಲಾವಣೆಗಳು ಅಲ್ಲಿ ಇತ್ಯರ್ಥವಾದವು. ಹೋಟೆಲು, ಚಿತ್ರಮಂದಿರಗಳ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂಬ ತಿರುಳು ಹಾಗೆಯೇ ಉಳಿಯಿತು.

ಜೂನ್ 10ರ ಬೆಳಿಗ್ಗೆ ವೆಸ್ಟ್ ವರ್ಜೀನಿಯಾದ ರಾಬರ್ಟ್ ಬರ್ಡ್ ಹದಿನಾಲ್ಕು ಗಂಟೆಗೂ ಮೀರಿದ ತಮ್ಮ ಭಾಷಣವನ್ನು ಮುಗಿಸಿದ ಮೇಲೆ ಚರ್ಚೆಯ ಮುಕ್ತಾಯಕ್ಕೆ ಮತ ಹಾಕಲಾಯಿತು. ಪರವಾಗಿ 71, ವಿರೋಧವಾಗಿ 29. ಪರವಾದವರಲ್ಲಿ 27 ಮಂದಿ ರಿಪಬ್ಲಿಕನ್ನರು. ಮೆದುಳಿನ ಗೆಡ್ಡೆಯಿಂದ ಮಾತೇ ನಿಂತುಹೋಗಿದ್ದ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಹೆಸರು ಕೂಗಿದಾಗ ಅವರು ಕಣ್ಣನ್ನು ಮುಟ್ಟಿ ತೋರಿಸಿದರು. ಇಂಗ್ಲಿಷಿನಲ್ಲಿ ಸಮ್ಮತಿಗೂ ಕಣ್ಣಿಗೂ ಒಂದೇ ಉಚ್ಚಾರ, ‘ಐ’. ಮರುತಿಂಗಳು ಅವರು ತೀರಿಕೊಂಡರು. ಹೀಗೆ ಬಂದು ಮತ ಹಾಕಿದವರಿದ್ದ ಸಭೆಯನ್ನು ಸಂತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೂ ತಮ್ಮ ಆಕ್ಷೇಪದಲ್ಲಿ ನಾನು ತಳ್ಳಿಹಾಕಲಾಗದ ಒಂದು ಅಂಶವಿದೆ. ಡರ್ಕ್ಸನ್ ಅವರ ಕಚೇರಿಯಲ್ಲಿ ಕುಳಿತು ಬಿಟ್ಟುಕೊಟ್ಟವರಾರೂ ಅದರ ಬೆಲೆಯನ್ನು ಸ್ವತಃ ತೆರಲಿಲ್ಲ. ಜುಲೈ 2ರಂದು ಜಾನ್ಸನ್ ಅಂಕಿತ ಹಾಕಿದ ಬಳಿಕವೂ ಬಣ್ಣದ ಕಾರಣಕ್ಕೆ ಕೆಲಸ ಸಿಗದ ವ್ಯಕ್ತಿ ಆಯೋಗಕ್ಕೆ ದೂರು ಕೊಟ್ಟರೆ ಅದು ಉದ್ಯೋಗದಾತನನ್ನು ಒಪ್ಪಿಸಲು ಯತ್ನಿಸಬಹುದಿತ್ತು, ಅಷ್ಟೇ. ಅವನು ಒಪ್ಪದಿದ್ದರೆ ಸಾಮಾನ್ಯವಾಗಿ ಆ ಕೂಲಿಕಾರನೇ ವಕೀಲರನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು. ತಾನೇ ದಾವೆ ಹೂಡುವ ಅಧಿಕಾರ ಆಯೋಗಕ್ಕೆ ದೊರೆತದ್ದು 1972ರ ತಿದ್ದುಪಡಿಯಲ್ಲಿ. ಆ ರಾಜಿಯಿಲ್ಲದೆ 1964ರಲ್ಲಿ ಕಾಯ್ದೆಯೇ ಆಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ, ಹಂಫ್ರಿ ಮಾಡಿದ್ದು ಸರಿಯೆಂದೂ ಹೇಳುತ್ತೇನೆ. ಆದರೆ ನಮ್ಮ ಲೇಖನ ಅಂಕಿತದ ದಿನಕ್ಕೇ ನಿಂತುಬಿಟ್ಟಿತು. ಮುಂದಿನ ಎಂಟು ವರ್ಷಗಳನ್ನು, ಆ ಅವಧಿಯಲ್ಲಿ ದೂರು ಹಿಡಿದು ಅಲೆದವರನ್ನು ಅದು ಬಿಟ್ಟದ್ದು ತಪ್ಪು, ಆ ತಪ್ಪು ಲೇಖಕರದ್ದಕ್ಕಿಂತ ಹೆಚ್ಚಾಗಿ ಪುಟಗಳನ್ನು ಕತ್ತರಿಸಿದ ನನ್ನದು.

– ಸಂಪಾದಕ